ಬೀಗ ಹಾಕಿದ ಮನೆಯ ತಲೆನೋವು

“ತಲೆನೋವಾ? ಅದ್ನೂ ಒಂದ್ ಕಾಯ್ಲೆ ಅಂತ ಕೇಳಕ್ಕೆ ಬಂದಿದ್ದೀಯಲ್ಲ, ನಿಂಗೆ ಬ್ಯಾರೆ ಕ್ಯಾಮೆ ಇಲ್ವಾ ಕಣಮ್ಮಿ?”

ಬೇಗೂರಿನ ಮೊದಲ ಮನೆಯಲ್ಲಿ ನನಗೆ ಸಿಕ್ಕ ಸ್ವಾಗತ ಇದು. ಹೀಗೆ ಕೇಳಿದ ಹೆಂಗಸು ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. ಎರಡು ಕಣ್ಣಿನ ಪಕ್ಕದಲ್ಲೂ ಸುಣ್ಣ ಹಚ್ಚಿಕೊಂಡಿದ್ದಳು. “ಹಾಗಾದ್ರೆ ನಿಮಗೆ ತಲೆನೋವಿಲ್ಲ ಅಂತ ಬರ್ಕೊಳ್ಳಾ?” ಎಂದೆ. “ಬರ್ಕೊ, ಇಲ್ಲ,” ಎಂದಳು. ನಗು ಬಂತು, ತಡೆದುಕೊಂಡೆ.

ನಾನು ನಜೀಮಾ, ಗುಂಡ್ಲುಪೇಟೆಯವಳು. ನನ್ನ ಗಂಡ ಯೂನುಸ್ ಈರುಳ್ಳಿ ವ್ಯಾಪಾರಿ. ಎರಡು ಸಾವಿರದ ಏಳನೇ ಇಸವಿಯ ಜುಲೈ ತಿಂಗಳಲ್ಲಿ ಡಾಕ್ಟರುಗಳ ಒಂದು ತಂಡ ನಮ್ಮ ಕಡೆ ತಲೆನೋವಿನ ಸರ್ವೆ ಶುರುಮಾಡಿತು. ಎಷ್ಟು ಜನಕ್ಕೆ ಅರೆತಲೆನೋವು ಬರುತ್ತದೆ, ಬಂದಾಗ ಎಷ್ಟು ದಿನ ಮಲಗುತ್ತಾರೆ, ಏನು ಮದ್ದು ಮಾಡುತ್ತಾರೆ ಎಂದು ಮನೆಮನೆಗೂ ಹೋಗಿ ಕೇಳಿ ಬರೆಯಬೇಕು. ಡಾಕ್ಟರು ಇದಕ್ಕೆ ಮೈಗ್ರೇನ್ ಎನ್ನುತ್ತಾರೆ. ಎಷ್ಟು ಜನ ನರಳುತ್ತಿದ್ದಾರೆ ಎಂದು ಗೊತ್ತಿಲ್ಲದ ಕಾಯಿಲೆಗೆ ಹಳ್ಳಿಯ ಆಸ್ಪತ್ರೆಯಲ್ಲಿ ಮದ್ದು ಇಡುವವರು ಯಾರು? ಅದಕ್ಕೇ ಈ ಸರ್ವೆ. ನಾನು ಪಿಯುಸಿ ಓದಿದ್ದೆ, ಕನ್ನಡ ಚೆನ್ನಾಗಿ ಬರೆಯುತ್ತಿದ್ದೆ. ಬೇಗೂರಿನ ನಾಲ್ಕು ಬೀದಿ ನನ್ನ ಪಾಲಿಗೆ ಬಂದವು.

ಎರಡೇ ದಿನಕ್ಕೆ ಊರಲ್ಲಿ ಸುದ್ದಿ ಹಬ್ಬಿತು. ಇವರು ಹುಚ್ಚಾಸ್ಪತ್ರೆಯ ಕಡೆಯವರು, ತಲೆ ಕೆಟ್ಟವರ ಪಟ್ಟಿ ಮಾಡುತ್ತಿದ್ದಾರೆ, ಹೆಸರು ಕೊಟ್ಟರೆ ಆ ಮನೆಯ ಹೆಣ್ಣುಮಕ್ಕಳಿಗೆ ಮದುವೆ ಆಗುವುದಿಲ್ಲ ಎಂದು. ಅಲ್ಲಿಂದ ಮುಂದೆ ಯಾರಿಗೂ ತಲೆನೋವೇ ಇಲ್ಲ! ಇಡೀ ಊರು ಗುಂಡುಕಲ್ಲಿನಂತೆ ಗಟ್ಟಿಯಾಗಿಬಿಟ್ಟಿತ್ತು.

ಇನ್ನು ಕೆಲವು ಮನೆಗಳಿಗೆ ಬೀಗ. ಅದು ಚೆಂಡುಹೂವಿನ ಕಾಲ. ಹೆಂಗಸರೆಲ್ಲ ಬೆಳಗಾಗುತ್ತಲೇ ಹೂ ಕೀಳಲು ಹೊಲಕ್ಕೆ ಹೋಗಿಬಿಡುತ್ತಿದ್ದರು. ನಮ್ಮ ಸೂಪರ್‌ವೈಸರ್ ಸೋಮಯ್ಯನವರು ಹೇಳಿದ್ದು ಇಷ್ಟು: “ಮೂರು ಸಲ ಹೋಗಿ ನೋಡಮ್ಮ. ಮೂರು ಸಲವೂ ಬೀಗ ಇದ್ರೆ ‘ಬೀಗ’ ಅಂತ ಬರೆದು ಮುಂದಿನ ಮನೆಗೆ ಹೋಗು.” ಹಾಗೆ ಹನ್ನೊಂದು ಮನೆಗೆ ಬೀಗ ಎಂದು ಬರೆದಿದ್ದೆ. ನಿಜ ಹೇಳುತ್ತೇನೆ, ಬರೆಯುವಾಗ ಖುಷಿಯೇ ಆಗಿತ್ತು. ಬೈಯುವವರಿಲ್ಲ, ಬಿಸಿಲಿನಲ್ಲಿ ನಿಲ್ಲುವ ಕಷ್ಟವಿಲ್ಲ, ಒಂದು ಹಾಳೆ ಮುಗಿಯಿತು.

ಹನ್ನೆರಡನೆಯದು ಸಣ್ಣತಾಯಮ್ಮನವರ ಮನೆ. ಆಕೆ, ಮಗ ರಂಗರಾಜು, ಸೊಸೆ ಮಾನಸ, ಮೂರೇ ಜನ. ರಂಗರಾಜು ಚಾಮರಾಜನಗರದ ಒಂದು ಆಫೀಸಿನಲ್ಲಿ ಅಟೆಂಡರ್. ಮೂರನೆಯ ಸಲ ಹೋದಾಗ ಬೆಳಗಿನ ಹನ್ನೊಂದು ಗಂಟೆ. ಬಾಗಿಲಿಗೆ ಬೀಗ ಜೋತು ಬಿದ್ದಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜಗಲಿಯ ಮೇಲೆ ಕೂತು ಪೆನ್ನು ತೆಗೆದೆ. ‘ಬೀ’ ಎಂದು ಬರೆದಿದ್ದೆ, ಒಳಗಿನಿಂದ ಏನೋ ಬಿದ್ದ ಸದ್ದಾಯಿತು.

ಬೆಕ್ಕಿರಬೇಕು ಎಂದುಕೊಂಡೆ. ಆಮೇಲೆ ನರಳಿದ ಸದ್ದು. ಬೆಕ್ಕು ಹಾಗೆ ನರಳುವುದಿಲ್ಲ.

ಹೊರಗೆ ಬೀಗ, ಒಳಗೆ ಮನುಷ್ಯರು. ಎದ್ದು ಓಡಿಬಿಡೋಣ ಅನ್ನಿಸಿತು. ಓಡಲಿಲ್ಲ. ಪಕ್ಕದ ಕಿಟಕಿಗೆ ಒಳಗಿನಿಂದ ಗೋಣಿಚೀಲ ಕಟ್ಟಿದ್ದರು. ಅದರ ಹತ್ತಿರ ಬಾಯಿಟ್ಟು, “ಯಾರಿದ್ದೀರಿ ಒಳಗೆ?” ಎಂದು ಕೂಗಿದೆ.

“ಅಕ್ಕ, ಜೋರಾಗಿ ಮಾತಾಡ್ಬೇಡಿ. ನಿಮ್ ದಮ್ಮಯ್ಯ. ತಲೆ ಒಡ್ದೋಯ್ತದೆ.”

ಚಿಕ್ಕ ಹುಡುಗಿಯ ದನಿ. ಅದೇ ಮಾನಸ. ಗೋಣಿಚೀಲದ ಅಂಚನ್ನು ಒಂದು ಬೆರಳಷ್ಟು ಸರಿಸಿದೆ. ಬೆಳಕು ಬಿದ್ದದ್ದೇ ಅವಳು ಮುಖ ಮುಚ್ಚಿಕೊಂಡು, “ಮುಚ್ಚಿ, ಮುಚ್ಚಿ” ಎಂದಳು. ಒಳಗೆ ವಾಂತಿಯ ವಾಸನೆ. ನೀರಿನ ಚೊಂಬು ಉರುಳಿ ಬಿದ್ದಿತ್ತು.

“ಯಾಕಮ್ಮ, ಹೊರಗಿಂದ ಬೀಗ ಹಾಕಿದ್ದಾರಲ್ಲ?”

“ತಲೆನೋವು ಬಂದಾಗ್ಲೆಲ್ಲ ಅಂಗೇ ಆಕದು ಅಕ್ಕ. ಯಾರೂ ಬಂದು ಮಾತಾಡಿಸ್ಬಾರ್ದು, ಬೆಳಕು ಬರ್ಬಾರ್ದು ಅಂತ. ಈ ಬೀದೀಲಿ ಎಲ್ರ ಮನೇಲೂ ಅಂಗೇಯಾ.”

ಎಲ್ಲರ ಮನೆಯಲ್ಲೂ! ನನ್ನ ಚೀಲದೊಳಗೆ ‘ಬೀಗ’ ಎಂದು ಬರೆದ ಹನ್ನೊಂದು ಹಾಳೆಗಳಿದ್ದವು. ಆ ಮನೆಗಳಲ್ಲಿ ಎಷ್ಟು ಜನ ಕತ್ತಲಲ್ಲಿ ಮಲಗಿದ್ದರೋ, ನಾನು ಜಗಲಿಯ ಮೇಲೆ ಕೂತು ಖುಷಿಯಾಗಿ ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ನೋವು ಜಾಸ್ತಿ ಇದ್ದವರನ್ನೇ ಬಿಟ್ಟು ಸರ್ವೆ ಮಾಡುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮಾನಸ ಪಿಸುದನಿಯಲ್ಲಿ ಉಳಿದದ್ದನ್ನು ಹೇಳಿದಳು. ತಲೆನೋವು ಅವಳಿಗೆ ಹದಿನಾರನೇ ವಯಸ್ಸಿನಿಂದಲೂ ಇದೆ. ಆದರೆ ಹೋದ ವಾರದ ಬುಧವಾರ ಬೇರೆಯೇ ಒಂದು ಆಯಿತು.

“ಊವು ಕೀಳ್ತಿದ್ದೆ ಅಕ್ಕ. ಕಣ್ಣ್ ಮುಂದೆ ಗರಗಸದ ಅಲ್ಲಿನಂಗೆ ಬೆಳಕು ಕುಣೀತು. ಅತ್ತೆ ಕರುದ್ರು. ತಿರುಗಿ ನೋಡುದ್ರೆ ಅತ್ತೆ ಅರ್ಧ ಮೊಕವೇ ಇಲ್ಲ. ಒಂದ್ ಕಣ್ಣು, ಅರ್ಧ ಬಾಯಿ, ಅಷ್ಟೇಯಾ. ‘ಅತ್ತೆ, ನಿಮ್ ಮೊಕ ಎಲ್ಲೋಯ್ತು’ ಅಂತ ಕಿರುಚ್ಕೊಂಡ್ಬುಟ್ಟೆ.”

ಕಿಟಕಿಗೆ ಇನ್ನೂ ಹತ್ತಿರ ಸರಿದು, “ಆಮೇಲೆ?” ಎಂದೆ.

“ಮೊಕ ಇಲ್ದಂಗೆ ಯಾರ್ ಕಾಣ್ತಾರೋ ಅವ್ರು ಆರು ತಿಂಗ್ಳು ಬದುಕಕ್ಕಿಲ್ಲ ಅಂತ ಯಾರೋ ಅತ್ತೆಗೆ ಏಳ್ಬುಟ್ಟವ್ರೆ. ಅವತ್ತಿಂದ ಅತ್ತೆ ಅನ್ನ ಸರ್ಯಾಗಿ ಉಣ್ತಾ ಇಲ್ಲ, ನನ್ ಕಡೆ ತಿರುಗೂ ನೋಡಕ್ಕಿಲ್ಲ. ನಂಗೆ ಉಚ್ಚು ಇಡಿದದಾ ಅಕ್ಕ? ನಾಳೆ ಬೆಳಗ್ಗೆ ಕರಿಬಸವಯ್ಯ ಬತ್ತಾರೆ. ಅರಿಸಿನದ ಕೊಂಬು ಕೆಂಡದಲ್ಲಿ ಕಾಯಿಸಿ ಕಣ್ ಪಕ್ಕ ಬರೆ ಆಕ್ತಾರೆ. ಕೈ ಜಾರಿ ಕಣ್ಣಿಗೇ ತಗುಲ್ಬುಟ್ರೆ ಏನ್ ಮಾಡದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸದ್ದಾಯಿತು. ತಲೆಯ ಮೇಲೆ ಹೂವಿನ ಮಂಕರಿ ಹೊತ್ತು ಸಣ್ಣತಾಯಮ್ಮ ಬಂದು ನಿಂತಿದ್ದರು.

“ಬೀಗ ಆಕಿರೋ ಮನೆ ತಾವ ನಿಂಗೇನ್ ಕೆಲ್ಸ?”

“ಅವ್ವಾ, ಒಳಗೆ ನಿಮ್ಮ ಸೊಸೆ ವಾಂತಿ ಮಾಡ್ಕೊಂಡವ್ಳೆ.”

“ಒಳ್ಗೆ ಯಾರೂ ಇಲ್ಲ.”

ಒಳಗಿನ ನರಳಾಟ ನಮ್ಮಿಬ್ಬರಿಗೂ ಕೇಳುತ್ತಿತ್ತು. ಬೀಗದ ಕೈ ಆಕೆಯ ಸೆರಗಿನ ತುದಿಯಲ್ಲಿ ಕಾಣುತ್ತಿತ್ತು. ಆದರೂ ಯಾರೂ ಇಲ್ಲ ಎಂದರು. “ಅವ್ವಾ, ಅವಳಿಗೆ ಬರೆ ಹಾಕಿಸ್ಬೇಡಿ, ಡಾಕ್ಟರಿಗೆ ತೋರಿಸೋಣ,” ಎಂದೆ.

“ಡಾಕ್ಟ್ರಂತೆ ಡಾಕ್ಟ್ರು! ನಮ್ಮನೇಲಿ ಯಾರ್ಗೂ ತಲೆನೋವಿಲ್ಲ ಅಂತ ಬರ್ಕೊಂಡು ಓಗು. ಉಚ್ಚಾಸ್ಪತ್ರೆ ಪಟ್ಟೀಲಿ ನನ್ ಸೊಸೆ ಎಸ್ರೇನಾರ ಬಂತು ಅಂದ್ರೆ ನಿನ್ನ ಸುಮ್ನೆ ಬುಡಕ್ಕಿಲ್ಲ.”

ಮಂಕರಿ ಇಳಿಸುವಾಗ ಹೂ ನೆಲಕ್ಕೆ ಚೆಲ್ಲಿದವು, ಆಕೆ ಆಯಲಿಲ್ಲ. ಕಲ್ಲು ಮನಸ್ಸಿನ ಅತ್ತೆ ಎಂದು ಬೈದುಕೊಳ್ಳಲು ಹೊರಟವಳು ಆ ಹೂ ನೋಡಿ ಬೈಯಲಿಲ್ಲ. ಆಕೆ ನನಗಿಂತ ಹೆಚ್ಚು ಹೆದರಿದ್ದರು.

ಬಸ್ ಸ್ಟಾಪಿನಲ್ಲಿ ಸೋಮಯ್ಯನವರು ಸಿಕ್ಕರು. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕೇಳೋದು, ಬರೆಯೋದು, ಅಷ್ಟೇ ನಮ್ಮ ಕೆಲ್ಸ ಅಂತ ಟ್ರೈನಿಂಗಿನಲ್ಲಿ ಹೇಳಿದ್ದೆ. ಆದ್ರೆ ಒಂದು ಹುಡುಗಿ ಕಣ್ಣು ಹೋಗೋ ಹಾಗಿದ್ರೆ ಬರ್ಕೊಂಡು ಕೂತ್ಕೊಳ್ಳೋಕಾಗುತ್ತಾ? ನಾಳೆ ಒಂಬತ್ತು ಗಂಟೆಗೆ ನಮ್ಮ ಡಾಕ್ಟರ್ ಮೇಡಂ ಬೇಗೂರು ಆಸ್ಪತ್ರೆಗೆ ಬರ್ತಾರೆ. ಹೇಗಾದ್ರೂ ಕರ್ಕೊಂಡು ಬಾ ತಾಯಿ,” ಎಂದರು.

ಮನೆಗೆ ಹೋಗಿ ಯೂನುಸ್‌ಗೆ ಹೇಳಿದರೆ ಆತ ಗಾಬರಿಯಾದ. “ಬೇರೆಯವರ ಮನೆಯ ಒಳಗಿನ ಮಾತು ಅದು. ನೀನು ಆ ಊರಿನವಳಲ್ಲ, ಅವರ ಜಾತಿಯವಳಲ್ಲ. ನಾಳೆ ಆ ಹುಡುಗಿಗೆ ಏನಾದರೂ ಆದರೆ ನಿನ್ನ ತಲೆಗೇ ಕಟ್ಟುತ್ತಾರೆ,” ಎಂದ. ಆತ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಡುಗೆ ಮಾಡುವಾಗ ಎರಡು ಸಲ ಉಪ್ಪು ಹಾಕಿದೆ. ಕೆಂಡದ ಬೆಂಕಿ, ಕಣ್ಣಿನ ಪಕ್ಕದ ತೆಳ್ಳಗಿನ ಚರ್ಮ, ಇವೇ ತಲೆಯಲ್ಲಿ ಸುತ್ತುತ್ತಿದ್ದವು. ಬೆಳಗ್ಗೆ ಎದ್ದಾಗ ಯೂನುಸ್ ನನ್ನ ಮುಖ ನೋಡಿ, “ಹೋಗು. ಹೋಗದಿದ್ದರೆ ಮಧ್ಯಾಹ್ನದ ಸಾರಿಗೂ ಎರಡು ಸಲ ಉಪ್ಪು ಬೀಳುತ್ತದೆ,” ಎಂದ.

ಮೊದಲ ಬಸ್ಸು ಹಿಡಿದೆ. ಅವತ್ತೇ ಹೆದ್ದಾರಿಯಲ್ಲಿ ತರಕಾರಿ ಲಾರಿಯೊಂದು ಅಡ್ಡ ನಿಂತು ಅರ್ಧ ಗಂಟೆ ತಡ. ಬೇಗೂರಿನಲ್ಲಿ ಇಳಿದವಳೇ ಓಡಿದೆ. ತಡವಾಯಿತು, ಎಲ್ಲ ಮುಗಿದುಹೋಗಿರುತ್ತದೆ ಎಂದು ಹೆಜ್ಜೆ ಹೆಜ್ಜೆಗೂ ಅನ್ನಿಸುತ್ತಿತ್ತು.

ಮುಗಿದಿರಲಿಲ್ಲ, ಶುರುವಾಗುತ್ತಿತ್ತು. ಹಿತ್ತಲಿನಲ್ಲಿ ಹಳೆಯ ಬಾಣಲೆಯೊಂದರಲ್ಲಿ ಕೆಂಡ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ ಮುದುಕ ಕರಿಬಸವಯ್ಯ, ಇಕ್ಕಳದಲ್ಲಿ ಅರಿಶಿನದ ಕೊಂಬು ಹಿಡಿದು ಊದುತ್ತಿದ್ದರು. ಕೊಂಬಿನ ತುದಿ ಕೆಂಪಗಾಗಿತ್ತು. ಮಾನಸಳನ್ನು ಮಣೆಯ ಮೇಲೆ ಕೂರಿಸಿ ರಂಗರಾಜು ಹಿಂದಿನಿಂದ ಭುಜ ಹಿಡಿದುಕೊಂಡಿದ್ದ. ಆತನೇ ಅಳುತ್ತಿದ್ದ. ಸಣ್ಣತಾಯಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

“ನಿಲ್ಸಿ!” ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕರಿಬಸವಯ್ಯ ತಲೆಯೆತ್ತಿ ನೋಡಿದರು. “ಯಾರವ್ವ ನೀನು? ನಾನೇನ್ ಕರೀದೆ ಬಂದಿಲ್ಲ. ನಲವತ್ತೊರ್ಸದಿಂದ ಬರೆ ಆಕ್ತಾ ಇವ್ನಿ. ಒಂದೂ ಉಸಿ ಓಗಿಲ್ಲ. ಆಕಾದ್ ಮೇಲೆ ‘ನೋವು ಓಯ್ತಾ’ ಅಂತ ಕೇಳ್ತೀನಿ. ಓಗ್ನಿಲ್ಲ ಅಂದೋರು ಇವತ್ಗೂ ಒಬ್ರಿಲ್ಲ.”

ನಲವತ್ತು ವರ್ಷದ ಮಾತಿನ ಮುಂದೆ ನನ್ನದು ಎಂಟು ದಿನದ ಟ್ರೈನಿಂಗ್. ಚೀಲದಿಂದ ಸರ್ವೆ ಹಾಳೆ ತೆಗೆದೆ.

“ಅಜ್ಜಾ, ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಉತ್ತರ ಬರ್ಕೊಂಡು ಹೋಗಿಬಿಡ್ತೀನಿ,” ಎಂದು ಹನ್ನೊಂದನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ. “‘ನೋವು ಶುರುವಾಗುವ ಮೊದಲು ನಿಮ್ಮ ಕಣ್ಣ ಮುಂದೆ ಅಂಕುಡೊಂಕಾದ ಬೆಳಕಿನ ಗೆರೆ ಕಾಣಿಸುತ್ತದೆಯೇ? ನೋಡುತ್ತಿರುವ ವಸ್ತುವಿನ ಅಥವಾ ವ್ಯಕ್ತಿಯ ಮುಖದ ಒಂದು ಭಾಗ ಸ್ವಲ್ಪ ಹೊತ್ತು ಕಾಣದಂತೆ ಆಗುತ್ತದೆಯೇ?’”

ಸಣ್ಣತಾಯಮ್ಮ ಗಿರಕ್ಕನೆ ತಿರುಗಿದರು. “ಇದ್ನ ಯಾರ್ ಏಳುದ್ರು ನಿಂಗೆ? ಇವ್ಳು ಏಳವ್ಳೆ, ನೀನು ಬರ್ಕೊಂಡ್ ಬಂದಿದ್ದೀಯ!”

“ಬರ್ಕೊಂಡಿರೋದಲ್ಲ ಅವ್ವಾ, ಅಚ್ಚಾಗಿರೋದು. ನಿಮ್ಮ ಮಗನೇ ಓದ್ಲಿ.”

ರಂಗರಾಜು ಹೆಂಡತಿಯ ಭುಜ ಬಿಟ್ಟು ಹಾಳೆ ತೆಗೆದುಕೊಂಡ. ಒಂದು ಸಲ ಓದಿದ. ಮತ್ತೊಂದು ಖಾಲಿ ಹಾಳೆ ಕೇಳಿ ಅದರಲ್ಲೂ ಹನ್ನೊಂದನೆಯದನ್ನೇ ಓದಿದ. “ಅವ್ವ, ಅಚ್ಚಾಗದೆ ಕಣವ್ವ. ಎಲ್ಲಾದ್ರಲ್ಲೂ ಇದೇ ಅದೆ. ಮಾನಸ ಏಳಿದ್ದೇ ಅದೆ.”

“ಹಾಳೆ ಅಚ್ಚಾಗಿದ್ದು ಎರಡು ತಿಂಗಳ ಹಿಂದೆ,” ಎಂದೆ. “ಇಂಥದ್ದು ಬೇಕಾದಷ್ಟು ಜನಕ್ಕೆ ಕಾಣಿಸಿರೋದ್ರಿಂದಲೇ ಇದನ್ನ ಪ್ರಶ್ನೆ ಮಾಡಿ ಹಾಕವ್ರೆ. ನಿಮ್ಮ ಊರಲ್ಲೇ ಮೊದಲ ಎರಡು ದಿನದಲ್ಲಿ ಮೂರು ಜನ ಹೌದು ಅಂದವ್ರೆ. ಹೆಸರು ಮಾತ್ರ ಕೇಳ್ಬೇಡಿ, ಹೇಳೋ ಹಾಗಿಲ್ಲ.”

ಸಣ್ಣತಾಯಮ್ಮ ಕೇಳಿದ ಮಾತು ಇದು: “ಅವ್ರು ಯಾರ್ ಮೊಕ ನೋಡುದ್ರೋ... ಅವ್ರೇನಾರ ಸತ್ರಾ?”

“ಒಬ್ಬಾಕೆಗೆ ಗಂಡನ ಅರ್ಧ ಮುಖ ಕಾಣದಂಗಾಗಿ ಒಂಬತ್ತು ವರ್ಷ ಆಯ್ತಂತೆ. ನಾನು ಹೋದಾಗ ಆತ ಜಗಲಿ ಮೇಲೆ ಕೂತು ಕಾಫಿಗೆ ಸಕ್ಕರೆ ಸಾಲ್ದು ಅಂತ ಜಗಳ ಆಡ್ತಿದ್ದ.”

ರಂಗರಾಜು ಕಣ್ಣೊರೆಸಿಕೊಂಡು ಎದ್ದ. “ಅಜ್ಜ, ಕೊಂಬು ಕೆಳಗಿಡಿ. ಮೊದ್ಲು ಆಸ್ಪತ್ರೆಗೆ ಓಗ್ ಬತ್ತೀವಿ,” ಎಂದ. ಕರಿಬಸವಯ್ಯ ಒಂದು ಗಳಿಗೆ ಸಣ್ಣತಾಯಮ್ಮನ ಮುಖ ನೋಡಿದರು. ಆಕೆ ನೀರಿನ ಚೊಂಬು ತಂದು ಅವರ ಮುಂದೆ ಇಟ್ಟರು. ಅವರು ಕೆಂಡದ ಮೇಲೆ ನೀರು ಹಾಕಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಮಾನಸಳನ್ನು ಅರ್ಧ ಗಂಟೆ ನೋಡಿದರು. ಕಣ್ಣಿಗೆ ಟಾರ್ಚು ಬಿಟ್ಟರು, ಬಿ.ಪಿ. ನೋಡಿದರು, ಗೆರೆಯ ಮೇಲೆ ನಡೆಸಿದರು, ಎರಡೂ ಕೈಯಲ್ಲಿ ತಮ್ಮ ಬೆರಳು ಹಿಸುಕಲು ಹೇಳಿದರು. ತಲೆಯಲ್ಲಿ ಗಡ್ಡೆ ಅಂದುಬಿಟ್ಟರೆ ಎಂದು ರಂಗರಾಜು ಮೂರು ಸಲ ನನ್ನನ್ನು ಕೇಳಿದ. ನನಗೂ ಅದೇ ಭಯವಿತ್ತು, ಹೇಳಲಿಲ್ಲ.

“ಇದು ಮೈಗ್ರೇನ್,” ಎಂದರು ಡಾಕ್ಟರು. “ಗಾಳಿಯಲ್ಲ, ಹುಚ್ಚಲ್ಲ. ಗಡ್ಡೆಯ ಗುರುತು ಯಾವುದೂ ನನಗೆ ಕಾಣ್ತಿಲ್ಲ. ಮಿದುಳಿನಲ್ಲಿ ನೋಟಕ್ಕೆ ಸಂಬಂಧಪಟ್ಟ ಜಾಗ ಸ್ವಲ್ಪ ಹೊತ್ತು ಏರುಪೇರಾಗುತ್ತೆ. ಅದಕ್ಕೇ ಬೆಳಕು ಕುಣಿಯೋದು, ಅರ್ಧ ಮುಖ ಕಾಣದೇ ಇರೋದು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ನೋಟ ಸರಿಹೋಗುತ್ತೆ, ಆಮೇಲೆ ನೋವು, ವಾಂತಿ. ಎಲ್ಲರಿಗೂ ಹೀಗೆ ಬೆಳಕು ಕಾಣಲ್ಲ, ಕೆಲವರಿಗೆ ಕಾಣುತ್ತೆ. ಹೂ ಕೀಳೋಕೆ ಹೋಗೋ ಮೊದಲು ಏನು ತಿಂತೀಯಮ್ಮ?”

“ಏನೂ ಇಲ್ಲ ಮೇಡಂ. ಟೀ ಕುಡ್ಕೊಂಡು ಓಯ್ತೀವಿ. ಬಂದ್ ಮೇಲೆ ಊಟ.”

“ಮಧ್ಯಾಹ್ನದವರೆಗೂ ಬರೀ ಹೊಟ್ಟೆ, ಬಿಸಿಲು, ನೀರಿಲ್ಲ. ಮೈಗ್ರೇನ್ ಇರೋರಿಗೆ ಇಷ್ಟು ಸಾಕು. ನೋವಿಗೆ ಏನು ತಗೋತೀಯ?”

ಮಾನಸ ಅತ್ತೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಯನ್ನು ಮೂರು ತಿಂಗಳಿಂದ ದಿನಾ ನುಂಗುತ್ತಿದ್ದಳಂತೆ, ಕೆಲವು ದಿನ ಎರಡೆರಡು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. “ನನಗೆ ಭಯ ಆಗೋದು ಇದಕ್ಕೆ. ನೋವಿನ ಮಾತ್ರೆ ದಿನಾ ನುಂಗಿದ್ರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಕಿಡ್ನಿ ಕೆಡಬಹುದು. ಇನ್ನೊಂದು, ಆ ಮಾತ್ರೆಯೇ ತಲೆನೋವನ್ನ ದಿನಾ ಕರೆದು ತರುತ್ತೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಮಾತ್ರೆ ಬೇಕಾಗ್ತಿದೆ ಅಂದ್ರೆ ಅಂಗಡಿಗೆ ಹೋಗ್ಬೇಡ, ಆಸ್ಪತ್ರೆಗೆ ಬಾ. ನೋವು ಬರದ ಹಾಗೆ ತಡೆಯೋ ಮದ್ದು ಬೇರೆ ಇದೆ. ಮುಂದೆ ಯಾವತ್ತಾದ್ರೂ ಮಕ್ಕಳಾಗದ ಮಾತ್ರೆ ತಗೊಳ್ಳೋ ಹಾಗಿದ್ರೆ, ಕಣ್ಣಿಗೆ ಹೀಗೆ ಬೆಳಕು ಕಾಣುತ್ತೆ ಅಂತ ಮೊದಲೇ ಡಾಕ್ಟರಿಗೆ ಹೇಳ್ಬೇಕು.”

ರಂಗರಾಜು ಕೇಳಿದ: “ಮೇಡಂ, ಯಾವಾಗ ಎದರ್ಕೊಬೇಕು, ಯಾವಾಗ ಬ್ಯಾಡ? ನಮ್ಗೆ ಎಂಗೆ ಗೊತ್ತಾಯ್ತದೆ?”

“ಒಳ್ಳೆ ಪ್ರಶ್ನೆ. ಸಿಡಿಲು ಹೊಡೆದ ಹಾಗೆ ಒಂದೇ ಸಲಕ್ಕೆ ಭಾರೀ ನೋವು ಬಂದ್ರೆ, ಜ್ವರದ ಜೊತೆ ಕತ್ತು ಸೆಟೆದುಕೊಂಡ್ರೆ, ಕೈಕಾಲು ಸೋತ್ರೆ, ಬಾಯಿ ಸೊಟ್ಟ ಆದ್ರೆ, ಮಾತು ತೊದಲಿದ್ರೆ, ಪ್ರಜ್ಞೆ ತಪ್ಪಿದ್ರೆ, ಹೋದ ನೋಟ ವಾಪಸ್ ಬರದಿದ್ರೆ, ತಲೆಗೆ ಏಟು ಬಿದ್ದ ಮೇಲೆ ನೋವು ಬಂದ್ರೆ ಒಂದು ನಿಮಿಷ ಕಾಯ್ಬೇಡಿ. ಬಸುರಿಗೆ ಜೋರು ತಲೆನೋವು ಬಂದ್ರೂ ಅಷ್ಟೇ. ಐವತ್ತು ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದ್ರೂ ತೋರಿಸ್ಲೇಬೇಕು.”

ಸಣ್ಣತಾಯಮ್ಮ ಅಲ್ಲಿಯವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು. “ಅಂಗಾರೆ ಮೇಡಮ್ಮಾರೆ, ನಾನು ಸಾಯಕ್ಕಿಲ್ವಾ?” ಎಂದರು.

“ಎಲ್ಲರೂ ಒಂದು ದಿನ ಸಾಯೋದೇ ಅಮ್ಮ. ನಿಮ್ಮ ಸೊಸೆ ನೋಡಿದ್ದಕ್ಕಂತೂ ಸಾಯಲ್ಲ.”

ಆಕೆ ದೊಪ್ಪನೆ ಬೆಂಚಿನ ಮೇಲೆ ಕೂತರು. ಒಂಬತ್ತು ದಿನದ ಮೇಲೆ ಮೊದಲ ಸಲ ಸೊಸೆಯ ಮುಖವನ್ನು ನೇರವಾಗಿ ನೋಡಿದರು. ಮಾನಸ ಅತ್ತುಬಿಟ್ಟಳು.

ಆಸ್ಪತ್ರೆಯ ಜಗಲಿಯಲ್ಲಿ ಕೂತು ಹಾಳೆ ತುಂಬಿಸಿದೆ. ಸೋಮಯ್ಯನವರು ಪಕ್ಕದಲ್ಲಿದ್ದರು. ಮಾನಸ ಒಂದೊಂದಕ್ಕೂ ಮುಚ್ಚಿಡದೆ ಉತ್ತರ ಕೊಟ್ಟಳು. ತಿಂಗಳಿಗೆ ಎಂಟು ದಿನ ಮಲಗುತ್ತಿದ್ದಳಂತೆ. ವರ್ಷಕ್ಕೆ ಮೂರು ತಿಂಗಳು ಆ ಹುಡುಗಿ ಕತ್ತಲಲ್ಲಿ! ಕೊನೆಯ ಪ್ರಶ್ನೆಗೆ ಬಂದೆ.

“ಮನೆಯಲ್ಲಿ ಬೇರೆ ಯಾರಿಗಾದ್ರೂ ತಲೆನೋವು ಇದೆಯಾ?”

“ಇಲ್ಲ, ಇವ್ಳೊಬ್ಳಿಗೇಯಾ,” ಎಂದ ರಂಗರಾಜು. ನಾನು ‘ಇಲ್ಲ’ ಎಂದು ಬರೆಯಲು ಹೊರಟೆ.

“ತಡಿ,” ಎಂದರು ಸಣ್ಣತಾಯಮ್ಮ.

ಸೆರಗು ಸರಿಸಿ, ಎಡಗಡೆಯ ಕೂದಲನ್ನು ಕಿವಿಯ ಹಿಂದಕ್ಕೆ ಎಳೆದರು. ಕಣ್ಣಿನ ಪಕ್ಕದಲ್ಲಿ, ಕಿವಿಗಿಂತ ಸ್ವಲ್ಪ ಮುಂದೆ, ಕಡಲೆಬೀಜದಷ್ಟು ಅಗಲದ ಸುಟ್ಟ ಕಲೆ. ಅದರ ಕೆಳಗೆ ಇನ್ನೊಂದು. ಚರ್ಮ ಎಳೆದುಕೊಂಡು ಆ ಕಡೆಯ ರೆಪ್ಪೆ ಸ್ವಲ್ಪ ಜೋತು ಬಿದ್ದಿತ್ತು. ವಯಸ್ಸಾದದ್ದಕ್ಕೆ ಹಾಗಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಮಗನಿಗೂ ಗೊತ್ತಿರಲಿಲ್ಲ.

“ಅನ್ನೆರಡೊರ್ಸ ನಂಗೆ. ಅರೆತಲೆನೋವು ಅಂತ ಅಳ್ತಿದ್ದೆ. ನಮ್ಮಪ್ಪ ಕೈ ಇಡ್ಕೊಂಡ್ರು, ನಮ್ಮವ್ವ ಕಾಲು ಇಡ್ಕೊಂಡ್ಳು. ಬರೆ ಆಕುದ್ರು. ‘ಓಯ್ತಾ’ ಅಂತ ಕೇಳುದ್ರು. ಇಲ್ಲ ಅಂದೆ. ಇನ್ನೊಂದು ಆಕುದ್ರು. ‘ಈಗ ಓಯ್ತಾ’ ಅಂದ್ರು.” ಆಕೆ ಎರಡನೆಯ ಕಲೆಯನ್ನು ಮುಟ್ಟಿ ತೋರಿಸಿದರು. “ಓಯ್ತು ಅಂದ್ಬುಟ್ಟೆ.”

ಆಕೆ ಕೂದಲನ್ನು ಮತ್ತೆ ಕಲೆಯ ಮೇಲೆ ಎಳೆದುಕೊಂಡರು.

“ಓಗ್ನಿಲ್ಲ ಕಣಮ್ಮಿ. ಇವತ್ಗೂ ಬತ್ತದೆ. ಮೂರ್ನೇದು ಆಕ್ಬುಟ್ಟಾರು ಅಂತ ಓಯ್ತು ಅಂದೆ. ಆಮೇಕೆ ಎಲ್ರೂ ಓಯ್ತು, ಓಯ್ತು ಅಂತಾನೇ ಅನ್ನೋರು. ಊರ್ಗೆಲ್ಲ ಓಗದೆ, ನಂಗೊಬ್ಳಿಗೇ ಓಗ್ನಿಲ್ಲ, ನಂದೇ ಏನೋ ದೋಸ ಅಂತ ಮೂವತ್ತೆಂಟೊರ್ಸ ಬಾಯಿ ಬುಡ್ನಿಲ್ಲ. ಒಲದಲ್ಲಿ ನೋವು ಬಂದ್ರೆ ಮಂಕರಿ ಎತ್ಕೊಂಡೇ ಬತ್ತಿದ್ದೆ. ಇವ್ಳಿಗೂ ಅದ್ನೇ ಮಾಡಕ್ಕೊಂಟಿದ್ದೆ. ನನ್ ಸಾವ್ನ ಎದ್ರಿಕೇಲಿ ಈ ಮಗಿನ ಕಣ್ಣೇ ಸುಡಕ್ಕೊಂಟಿದ್ದೆ.”

ಮಾನಸ ಎದ್ದು ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಸಣ್ಣತಾಯಮ್ಮ ನನ್ನ ಹಾಳೆಯ ಮೇಲೆ ಬೆರಳಿಟ್ಟರು.

“ಬರ್ಕೊ. ಸಣ್ಣತಾಯಮ್ಮ, ವಯಸ್ಸು ಐವತ್ತು. ತಲೆನೋವು ಅದೆ. ಬರೆ ಆಕ್ಸದೆ. ಓಗಿಲ್ಲ. ನನ್ ಎಸ್ರ ಮುಚ್ಚಿಡ್ಬ್ಯಾಡ, ಊರ್ಗೆಲ್ಲ ಏಳು.”

ಹೇಳುತ್ತಿದ್ದೇನೆ. ಆ ಮನೆಯವರು ಮೂವರೂ ಒಪ್ಪಿದ್ದರಿಂದಲೇ ಅವರ ಹೆಸರು ಈ ಬರಹದಲ್ಲಿದೆ. ಉಳಿದ ಹನ್ನೊಂದು ಮನೆಗಳಿಗೆ ಮಾರನೆಯ ದಿನ ನಾನು ಮತ್ತೆ ಹೋದೆ. ಸಣ್ಣತಾಯಮ್ಮ ಹೂವಿನ ಕೆಲಸ ಬಿಟ್ಟು ಜೊತೆಗೆ ಬಂದರು. ಒಂದೊಂದು ಬಾಗಿಲ ಮುಂದೆಯೂ ಕೂದಲು ಸರಿಸಿ ಕಲೆ ತೋರಿಸಿದರು. ನಾನು ಬೀಗ ಎಂದು ಬರೆದ ದಿನ ಏಳು ಮನೆಗಳಲ್ಲಿ ಒಳಗೆ ಜನ ಮಲಗಿದ್ದರಂತೆ. ಅವರಲ್ಲಿ ನಾಲ್ವರ ಕಣ್ಣಿನ ಪಕ್ಕದಲ್ಲಿ ಅಂಥದೇ ಕಲೆ ಇತ್ತು, ನಾಲ್ವರೂ ಒಂದು ಕಾಲಕ್ಕೆ “ಹೋಯಿತು” ಎಂದಿದ್ದವರು. ಕರಿಬಸವಯ್ಯನಿಗೆ ಈ ವಿಷಯವನ್ನು ಸಣ್ಣತಾಯಮ್ಮನೇ ಹೋಗಿ ಹೇಳಿದರು. ಆಮೇಲೆ ಬರೆ ಹಾಕಲು ಯಾರು ಕರೆದರೂ ಅವರು ಹೋಗಲಿಲ್ಲ.

ಮಾನಸ ಈಗ ರಾಗಿ ರೊಟ್ಟಿಯೋ ಮುದ್ದೆಯೋ ತಿಂದೇ ಹೊಲಕ್ಕೆ ಹೋಗುತ್ತಾಳೆ, ನೀರಿನ ಬಾಟಲಿ ಒಯ್ಯುತ್ತಾಳೆ, ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ. ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಡಾಕ್ಟರು ಬರೆದುಕೊಟ್ಟ ಮದ್ದು ನಡೆಯುತ್ತಿದೆ. ನೋವು ಪೂರ್ತಿ ಹೋಗಿಲ್ಲ. ಎಂಟು ದಿನ ಇದ್ದದ್ದು ಎರಡು ದಿನಕ್ಕೆ ಬಂದಿದೆ. ಆ ಎರಡು ದಿನವೂ ಆಕೆ ಕತ್ತಲ ಕೋಣೆಯಲ್ಲಿ ಮಲಗುತ್ತಾಳೆ, ಬಾಗಿಲಿಗೆ ಮಾತ್ರ ಬೀಗ ಹಾಕುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಯಲ್ಲೂ ಒಬ್ಬರು ಹಣೆಗೆ ಬಟ್ಟೆ ಬಿಗಿದುಕೊಂಡು “ಏನಿಲ್ಲ” ಎನ್ನುತ್ತಿರಬಹುದು. ಅವರ ಹತ್ತಿರ ಕೂತು ಕೇಳಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಗಡಿ ಮಾತ್ರೆ ದಿನಾ ನುಂಗಲು ಬಿಡಬೇಡಿ, ಕೆಂಡದ ಹತ್ತಿರ ಕೂರಿಸಬೇಡಿ. ಸರ್ವೆ ಮಾಡುವವರು ಬಂದರೆ ಬಾಗಿಲು ತೆಗೆದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೀವು ಹೇಳುವ ನಿಜದಿಂದ ನೀವು ಕಾಣದ ಇನ್ನೊಂದು ಊರಿನ ಹುಡುಗಿಗೆ ಮದ್ದು ಸಿಗಬಹುದು.

ನೋವು ಇದ್ದರೆ ಇದೆ ಎನ್ನಿ. ಇದೆ ಎಂದವರನ್ನು ನಂಬಿ. ಹೋಗದ ನೋವನ್ನು ಹೋಯಿತು ಎನ್ನುವಂತೆ ಯಾರನ್ನೂ ಹೆದರಿಸಬೇಡಿ.